ಕೋಪಕ್ಕೆ ಗುಳಿಗೆಯುಂಟೆ?

ಚೆನ್ನೈ ನಗರದಲ್ಲಿ ಕಿಲ್ಪಾಕ್ ಎಂಬುದು ಬಡಾವಣೆಯೊಂದರ ಹೆಸರಾಗಿ ಮಾತ್ರ ಉಳಿದಿಲ್ಲ. ಮನೆಯಲ್ಲಿ ಯಾರಾದರೂ ಅತಿಯಾಗಿ ಸಿಡುಕಿದರೆ "ಕಿಲ್ಪಾಕಿಗೆ ಸೇರಿಸಬೇಕು" ಎಂದು ಹಾಸ್ಯಮಾಡುವ ವಾಡಿಕೆ ಬಹುಕಾಲದ್ದು. 1794ರಲ್ಲಿ ಮದರಾಸಿನಲ್ಲಿ ಆರಂಭವಾದ ಮಾನಸಿಕ ಚಿಕಿತ್ಸಾಲಯವು ಅಲ್ಲಿ ನೆಲಸಿರುವುದೇ ಇದಕ್ಕೆ ಕಾರಣ. ಈ ಹಾಸ್ಯವು ನಿರಪಾಯವಾದುದಲ್ಲ. ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವ ಗೃಹಸ್ಥನೇ ನೆರೆಮನೆಯವರ ಹಳೆಯ ಚೀಟಿಯನ್ನು ಹಿಡಿದು ಔಷಧದಂಗಡಿಗೆ ಹೋಗಲು ಎಳ್ಳಷ್ಟೂ ನಾಚುವುದಿಲ್ಲ!

ಹೀಗೆ ಕೈಸೇರುವುದು ಸಾಮಾನ್ಯವಾಗಿ ಡಯಾಜಿಪಾಮ್ ಅಥವಾ ಆಲ್‌ಪ್ರಜೋಲಾಮ್. ಮಿದುಳಿನ ಉದ್ರೇಕವನ್ನು ತಗ್ಗಿಸುವ ಈ ಗುಳಿಗೆಗಳು ತಾಸೆರಡು ತಾಸಿನೊಳಗೆ ಕಳವಳವನ್ನು ಶಮನಗೊಳಿಸುತ್ತವೆ. ಅದೇ ಅವುಗಳ ಆಕರ್ಷಣೆ, ಅದೇ ಅಪಾಯ. ಕೆಲವು ವಾರಗಳು ಕಳೆಯುವಷ್ಟರಲ್ಲಿ ದೇಹವು ಒಗ್ಗಿಕೊಂಡು ಹೆಚ್ಚಿನ ಪ್ರಮಾಣವನ್ನು ಬೇಡತೊಡಗುತ್ತದೆ. ಥಟ್ಟನೆ ನಿಲ್ಲಿಸಿದರೆ ಕಳವಳವು ಇಮ್ಮಡಿಸಿ ಮರಳುವುದುಂಟು, ಅಪಸ್ಮಾರದಂತಹ ಸೆಳವೂ ಬರಬಹುದು. ಮೆಲ್ಲಮೆಲ್ಲನೆ ಇಳಿಸುವ ಕಾರ್ಯವು ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯಬೇಕು. ಕೆಲವರಲ್ಲಿ, ಮುಖ್ಯವಾಗಿ ವೃದ್ಧರಲ್ಲಿ, ಕೋಪವು ಇಳಿಯುವ ಬದಲು ಕೆರಳುವುದೂ ಉಂಟು. ಇಂತಹ ಗುಳಿಗೆಗಳ ಮಾರಾಟವನ್ನು ರೋಗಿಯ ಹಾಗೂ ವೈದ್ಯರ ಹೆಸರಿನೊಡನೆ ಅಂಗಡಿಯವರು ಬರೆದಿಡಬೇಕೆಂಬ ನಿಯಮವು 2014ರಿಂದ ಜಾರಿಯಲ್ಲಿದೆ. ಆದರೆ ಪರಿಚಯದ ಮುಖ ಕಂಡಾಗ ಆ ಪುಸ್ತಕವನ್ನು ತೆರೆಯುವವರು ಎಷ್ಟು ಮಂದಿ?

ಹಾಗೆಂದು ಔಷಧವನ್ನೇ ದೂಷಿಸುವುದು ಅವಿವೇಕ. ಸಕ್ಕರೆ ಕಾಯಿಲೆಗೆ ಜೀವನಪರ್ಯಂತ ಮಾತ್ರೆ ನುಂಗುವವರು ಮನಸ್ಸಿನ ಮಾತ್ರೆಯೆಂದೊಡನೆ ಹಿಂಜರಿಯುವುದೇಕೆ? ಕೋಪಕ್ಕೆಂದೇ ತಯಾರಾದ ಗುಳಿಗೆಯಿಲ್ಲ, ನಿಜ. ಆದರೆ ಕೋಪದ ಹಿಂದೆ ಖಿನ್ನತೆ, ದೀರ್ಘಕಾಲದ ಕಳವಳ, ಮದ್ಯಪಾನ, ಕೆಲವೊಮ್ಮೆ ಥೈರಾಯ್ಡ್ ಗ್ರಂಥಿಯ ಅತಿಸ್ರಾವ ಅಡಗಿರುತ್ತವೆ. ಆ ಮೂಲವನ್ನು ಗುರುತಿಸುವುದು ವೈದ್ಯರ ಕೆಲಸ, ಅಂಗಡಿಯವರದಲ್ಲ. ಖಿನ್ನತೆಗೂ ಕಳವಳಕ್ಕೂ ಕೊಡುವ ಸೆರ್ಟ್ರಾಲಿನ್‌ನಂತಹ ಔಷಧಗಳು ಫಲ ತೋರಲು 2ರಿಂದ 6 ವಾರಗಳು ಬೇಕು. ಒಂದೇ ವಾರದಲ್ಲಿ "ಗುಣ ಕಾಣಲಿಲ್ಲ" ಎಂದು ಎಸೆಯುವವರುಂಟು. ಎಸೆಯುವಂತೆ ಬುದ್ಧಿ ಹೇಳುವ ನೆಂಟರಂತೂ ಇನ್ನೂ ಹೆಚ್ಚು.

ಮಂಗಳೂರಿನಲ್ಲಿ 1923ರಲ್ಲಿ ಜನಿಸಿದ ಡಾ. ಶಾರದಾ ಮೆನನ್ ಅವರು 1961ರಿಂದ 1978ರವರೆಗೆ ಕಿಲ್ಪಾಕ್ ಆಸ್ಪತ್ರೆಯ ಮುಖ್ಯಸ್ಥೆಯಾಗಿ ದುಡಿದು, 1984ರಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಕಟ್ಟಿದರು. ಕರಾವಳಿಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬರು ಆ ಗೋಡೆಗಳೊಳಗೆ ಹದಿನೇಳು ವರ್ಷ ನಿರ್ಭಯವಾಗಿ ನಡೆದಾಡಿದರೆ, ಇಲ್ಲಿನ ಕನ್ನಡಿಗರಿಗೆ ಮನೋವೈದ್ಯರ ಕೋಣೆಯಲ್ಲಿ ಅರ್ಧ ತಾಸು ಕುಳಿತುಕೊಳ್ಳಲು ಅಂಜಿಕೆಯೇಕೆ? ಭಾಷೆಯೇ ತೊಡಕಾದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಕಷ್ಟವನ್ನು ಹೇಳಿಕೊಳ್ಳಬಹುದು.