ಬಾಗಿಲು ಅಗಲಿಸಿದ್ದು

ಪುಣೆಯ ಹೊರಗಿನ ನಮ್ಮ ತೋಟಕ್ಕೆ ಮಗ ಹುಲ್ಲು ಕತ್ತರಿಸುವ ಬಂಡಿ ಕೊಂಡು ತಂದ. ಮೇಲೆ ಕುಳಿತು ಓಡಿಸುವಂಥದು! ಶೆಡ್ಡಿನ ಬಾಗಿಲು 36 ಅಂಗುಲ, ಬಂಡಿಯ ಅಲಗಿನ ಪೆಟ್ಟಿಗೆಯೇ 42. ಪಕ್ಕಕ್ಕೆ ಚಾಚಿದ, ಹುಲ್ಲು ಉಗುಳುವ ಮೂತಿಯನ್ನು ಅಳೆಯಲು ನಾವು ಮರೆತೆವು, ಮನೆಯಾಕೆ ಮರೆಯಲಿಲ್ಲ.

ಗೌಂಡಿ ಬಂದವನೇ ಬಾಗಿಲ ಬದಿಗೆ ಸುತ್ತಿಗೆ ಎತ್ತಿದ. ಮೇಲಿನ ಇಟ್ಟಿಗೆಯ ಭಾರವೆಲ್ಲ ಹಳೆಯ ಲಿಂಟಲ್ಲಿನ ಮೇಲೆ. ಅದರ ತುದಿ ಹೊತ್ತ ಗೋಡೆಯನ್ನೇ ಒಡೆದರೆ? ‘ಥಾಂಬಾ!’ ಎಂದು ಕೂಗಿದೆವು; ಗಾಬರಿಗೆ ಮರಾಠಿಯೇ ಬಂತು.

‘ನಮ್ಮೂರು ಇಂಡಿ ರೀ, ಕನ್ನಡದಾಗ ಹೇಳ್ರಿ’ ಎಂದ.

ಆಮೇಲೆ ಕೆಲಸ ಕನ್ನಡದಲ್ಲೇ ಸಾಗಿತು: ಮೇಲಿನ ಗೋಡೆಗೆ ಆಸರೆ, ಎರಡೂ ಬದಿ 6 ಅಂಗುಲ ಗೋಡೆಯೊಳಗೆ ಕೂರುವ ಹೊಸ ಲಿಂಟಲ್ಲು, ಕೊನೆಗಷ್ಟೇ ಅದರ ಕೆಳಗೆ ಸುತ್ತಿಗೆ. ನಡುನಡುವೆ ಚಹಾ, ಇಂಡಿಯ ಲಿಂಬೆಯ ಮಾತು. ಮೊದಲ ಮಳೆ ಬಿದ್ದಾಗ ಬಂಡಿ ಒಳಗಿತ್ತು.