ಬೆಟ್ಟದ ಗಾಳಿಯೂ ಸಂತಾನವೂ

ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದರೆ ನಮ್ಮ ಮನೆಗಳಲ್ಲಿ ಮಾತು ಬೀಳುವುದು ಸೊಸೆಯ ಮೇಲೆ. ಗಂಡನು ಸಿಯಾಚಿನ್ ಹಿಮನದಿಯ ಕಾವಲಿನಲ್ಲಿದ್ದು, ರಜೆಗೆಂದು ಊರಿಗೆ ಬಂದುಹೋಗುವ ಸೈನಿಕನಾದರೆ, ಅವನಿದ್ದ ಎಡೆಯ ಗಾಳಿಯನ್ನೂ ವಿಚಾರಿಸಬೇಕೆಂದು ನಾವು ಹೇಳುತ್ತೇವೆ.

ಅಲ್ಲಿಯ ಎಷ್ಟೋ ಠಾಣೆಗಳು 5,500 ಮೀಟರಿಗೂ ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದ ಅರ್ಧಕ್ಕಿಳಿಯುವುದರಿಂದ, ಉಸಿರಿಗೆ ದೊರೆಯುವ ಆಮ್ಲಜನಕವೂ ಅರ್ಧವೇ. ಇದರಿಂದ ವೃಷಣಗಳ ಕಾರ್ಯವು ಕುಂದಿ, ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ತಗ್ಗಬಹುದು. ಪರ್ವತಾರೋಹಿಗಳನ್ನು ಪರೀಕ್ಷಿಸಿದ ವೈದ್ಯರು ಇದನ್ನು ಕಂಡಿದ್ದಾರೆ. ಕೆಳಗಿಳಿದ ಕೆಲವು ತಿಂಗಳಲ್ಲಿ ಅದು ಸರಿಹೋಗುವುದನ್ನೂ ಕಂಡಿದ್ದಾರೆ. ವೀರ್ಯಾಣುವೊಂದು ಬೆಳೆದು ಸಿದ್ಧವಾಗಲು ಸುಮಾರು 70 ದಿನಗಳು ಬೇಕು. ಆದುದರಿಂದ ತಿಂಗಳ ರಜೆಯಲ್ಲಿ ಪೂರ್ಣ ಚೇತರಿಕೆಯನ್ನು ನಿರೀಕ್ಷಿಸಲಾಗದು.

ಇದು ಪೌರುಷದ ಕೊರತೆಯಲ್ಲ. ಮಕ್ಕಳೇ ಆಗವೆಂದೂ ಅರ್ಥವಲ್ಲ. ಟಿಬೆಟ್ಟಿನಲ್ಲಿಯೂ ಆಂಡಿಸ್ ಪರ್ವತಗಳಲ್ಲಿಯೂ ತಲೆಮಾರುಗಳಿಂದ ಬಾಳುತ್ತಿರುವ ಜನರು ಮಕ್ಕಳೊಂದಿಗರಾಗಿಯೇ ಇದ್ದಾರೆ. ಬಯಲಿನಿಂದ ಹೊಸದಾಗಿ ಏರಿದವನ ದೇಹಕ್ಕೆ ಆ ಒಗ್ಗಿಕೆಯಿಲ್ಲ, ಅಷ್ಟೆ.

ಮನೆಯ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ: ಸೊಸೆಯನ್ನು ನೋಯಿಸಬೇಡಿರಿ. ವರ್ಷವೊಂದು ಒಟ್ಟಿಗಿದ್ದೂ ಫಲ ಕಾಣದಿದ್ದರೆ ಒಬ್ಬಳನ್ನೇ ಅಲ್ಲ, ದಂಪತಿಗಳಿಬ್ಬರನ್ನೂ ವೈದ್ಯರಲ್ಲಿಗೆ ಕಳುಹಿಸಿರಿ.