ಸೈಕಲ್ ಪಥ ಕ್ರಾಸಿನಲ್ಲಿ ಕಡಿದುಹೋಗಬಾರದು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಬೊಲಾರ್ಡ್ (ಗಿಡ್ಡ ಕಂಬ) ನೆಡಿಸಿ ಸೈಕಲ್ ಪಥ ಮಾಡಿಸಿತು. ಬೈಕುಗಳು ನುಗ್ಗಿದವು, ಬೊಲಾರ್ಡ್‌ಗಳು ಮುರಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ‘ನಮ್ಮ ಜನಕ್ಕೆ ಶಿಸ್ತಿಲ್ಲ, ಇದೆಲ್ಲ ಇಲ್ಲಿ ನಡೆಯಲ್ಲ’ ಎಂಬ ಮಾತು ಅಂದಿನಿಂದ ಕೇಳುತ್ತಲೇ ಇದೆ. ನಾನು ಒಪ್ಪುವುದಿಲ್ಲ. ಶಿಸ್ತಿನ ಪ್ರಶ್ನೆ ಇರಬಹುದು, ಆದರೆ ಜೀವ ಉಳಿಸುವುದು ವಿನ್ಯಾಸ.

ಬೇಲಿಯೋ ಕಟ್ಟೆಯೋ ಇದ್ದರೆ ಹಿಂದಿನಿಂದ ಬಂದು ಗುದ್ದುವ ವಾಹನದಿಂದ ಸೈಕಲ್ ಸವಾರನಿಗೆ ರಕ್ಷಣೆ ಸಿಗುತ್ತದೆ. 80 ಕಿ.ಮೀ. ವೇಗದ ಹೆದ್ದಾರಿಯಲ್ಲಂತೂ ಬರೀ ಬಿಳಿ ಗೆರೆ ಯಾರನ್ನೂ ಕಾಯದು. ಆದರೆ ಕ್ರಾಸ್ ಬಂದ ಕೂಡಲೇ ಆ ರಕ್ಷಣೆ ಮುಗಿಯುತ್ತದೆ. ಎಡಕ್ಕೆ ತಿರುಗುವ ಬಸ್ಸಿನ ಚಾಲಕ ಬಲಗಡೆಯ ವಾಹನಗಳನ್ನು ಗಮನಿಸುತ್ತಿರುತ್ತಾನೆ. ಅವನ ಎಡಗಡೆ, ನಿಲ್ಲಿಸಿದ ಕಾರುಗಳ ಮರೆಯಿಂದ, ಸೈಕಲ್ ನೇರ ಬರುತ್ತಿರುತ್ತದೆ. ಬಸ್ಸಿನ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಸರಿದು ತಿರುಗುವುದರಿಂದ ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300 ಮಂದಿ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದರು. ಅಲ್ಲಿನ ಎಂಜಿನಿಯರುಗಳು ಕ್ರಮೇಣ ಕಲಿತ ಪಾಠ ಸರಳ: ಅಡ್ಡರಸ್ತೆ ಬಂದಲ್ಲಿ ಸೈಕಲ್ ಪಥವನ್ನು ಮುಖ್ಯ ರಸ್ತೆಯಿಂದ ಸುಮಾರು 5 ಮೀಟರ್ ಒಳಕ್ಕೆ ಬಾಗಿಸಬೇಕು. ಆಗ ಕಾರು ಪೂರ್ತಿ ತಿರುಗಿದ ಮೇಲೆ ಸೈಕಲ್ ಕಣ್ಣೆದುರಿಗೇ ಕಾಣುತ್ತದೆ, ಕಾರು ನಿಲ್ಲಲು ಜಾಗವೂ ಇರುತ್ತದೆ. ಸಣ್ಣ ಬೀದಿಗಳಲ್ಲಿ ಪಥ ಅದೇ ಎತ್ತರದಲ್ಲಿ, ಅದೇ ಕೆಂಪು ಬಣ್ಣದಲ್ಲಿ ಮುಂದುವರಿಯುತ್ತದೆ. ಹಂಪ್ ಹತ್ತಿ ಇಳಿಯಬೇಕಾದ್ದು ಕಾರು.

ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರಲ್ಲಿ ಸೌರ ಫಲಕಗಳ ಚಾವಣಿಯ 23 ಕಿ.ಮೀ. ಪಥ ತೆರೆಯಿತು. ನೋಡಲು ಚೆಂದ, ಅಡ್ಡ ಬರುವ ರಸ್ತೆಗಳೂ ಕಡಿಮೆ. ನನ್ನ ಚಿಂತೆ ಮಾತ್ರ ನಮ್ಮ ಹೆದ್ದಾರಿ ಬದಿಯ ಹಳ್ಳಿಗಳದ್ದು. 2006-07ರಿಂದ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಒಳ್ಳೆಯ ಕೆಲಸ, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಿಗೆ. ಸೈಕಲ್ ಕೊಟ್ಟವರು ಅದನ್ನು ತುಳಿಯಲು ದಾರಿ ಕೊಡಲಿಲ್ಲ. ರಸ್ತೆ ನಾಲ್ಕು ಪಥವಾದಾಗ ಅಂಡರ್‌ಪಾಸ್ ದೂರವಾದರೆ ಮಗು ಎದುರು ದಿಕ್ಕಿನಲ್ಲೇ ಸರ್ವಿಸ್ ರಸ್ತೆಗೆ ಇಳಿಯುತ್ತದೆ. ಪೆಟ್ರೋಲ್ ಬಂಕಿನಿಂದ ಹೊರಬರುವ ಲಾರಿ ಚಾಲಕ ಆ ಕಡೆ ನೋಡುವುದೇ ಇಲ್ಲ.

ಇನ್ನು ಮುಂದೆ ರಸ್ತೆ ಟೆಂಡರಿನಲ್ಲಿ ಸೈಕಲ್ ಪಥದ ಉದ್ದ ಬರೆದರೆ ಸಾಲದು, ಪ್ರತಿ ಕ್ರಾಸಿನ ನಕ್ಷೆಯೂ ಇರಬೇಕು. ಕೆಲಸ ಹೈಸ್ಕೂಲ್ ಇರುವ ಕ್ರಾಸಿನಿಂದಲೇ ಶುರುವಾಗಲಿ.